ಕೊಟ್ಟ ಅಂಗ, ಕಾಣದ ಸೋಂಕು

ಬೇಡಿ ಬಂದವರಿಗೆ ಒಂದು ಬೊಗಸೆ ಜೋಳವನ್ನು ನೀಡುವಾಗಲೂ ಅದನ್ನು ಹಸನು ಮಾಡಿ ನೀಡುವುದು ನಮ್ಮ ಮನೆಗಳ ಮರ್ಯಾದೆ. ಕಲ್ಲು ಬೆರೆತ ಕಾಳನ್ನು ಕೊಟ್ಟರೆ ಕೊಟ್ಟವರ ಪುಣ್ಯಕ್ಕಿಂತ ಉಂಡವರ ನೋವೇ ದೊಡ್ಡದಾಗುತ್ತದೆ. ಆದರೆ ಕೊಡುವವನು ಕಣ್ಣು ಮುಚ್ಚಿದ ಮೇಲೆ ನಡೆಯುವ ದಾನವೊಂದಿದೆ. ಅದನ್ನು ಅವನು ಹಸನು ಮಾಡಿ ಕೊಡಲಾರ. ಪಡೆಯುವವನೂ ಆರಿಸಿ ತೆಗೆದುಕೊಳ್ಳಲಾರ. ಆ ಕೆಲಸವನ್ನು ವೈದ್ಯರು ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸಬೇಕು. ಮರಣಾನಂತರದ ಅಂಗಾಂಗ ದಾನದಲ್ಲಿ ಸೋಂಕನ್ನು ಶೋಧಿಸುವ ಬಗೆ ಹೇಗೆ, ಅಲ್ಲಿ ಆಂಟಿಬಯಾಟಿಕ್ ಎಂದು ಕರೆಯುವ ಜೀವಿರೋಧಕ ಔಷಧಗಳ ಪಾತ್ರವೇನು, ಅದಕ್ಕೂ ನಮ್ಮ ಊರುಗಳ ನಿತ್ಯಜೀವನಕ್ಕೂ ಇರುವ ಸಂಬಂಧವೇನು ಎಂಬುದನ್ನು ಇಂದು ವಿಚಾರ ಮಾಡೋಣ.

ಗೋಕಾಕ ತಾಲೂಕಿನ ಕೊಣ್ಣೂರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಗೋಕಾಕ ಜಲಪಾತಕ್ಕೆ ಸಮೀಪದಲ್ಲಿರುವ, ಘಟಪ್ರಭೆಯ ಸೀಮೆಯ ಊರು ಅದು. ಕಬ್ಬು ಸಾಗಿಸುವ ಹಂಗಾಮು ಬಂತೆಂದರೆ ಈ ಸೀಮೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು. ಇರುಳಿನಲ್ಲಿ, ಹಿಂದೆ ಕೆಂಪು ದೀಪವಿಲ್ಲದ ಟ್ರೇಲರಿಗೆ ಮೋಟರ್‌ಸೈಕಲ್ ಬಡಿದು, ಹೆಲ್ಮೆಟ್ ಇಲ್ಲದ ತಲೆಗೆ ಪೆಟ್ಟಾಗುವುದು ಅಪರೂಪದ ಸಂಗತಿಯಲ್ಲ. ಅಂಥ ಒಬ್ಬ ತರುಣನನ್ನು ಮೊದಲು ಗೋಕಾಕದ ಆಸ್ಪತ್ರೆಗೆ, ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ದರೆಂದು ಭಾವಿಸೋಣ. ನಾಲ್ಕು ದಿನಗಳ ಹೋರಾಟದ ತರುವಾಯ ವೈದ್ಯರು ಮನೆಯವರನ್ನು ಕರೆದು, ಅವನ ಮಿದುಳಿನ ಕಾಂಡ ಸತ್ತಿದೆಯೆಂದು ತಿಳಿಸುತ್ತಾರೆ. ಎದೆ ಏರಿಳಿಯುತ್ತಿದೆ, ನಾಡಿ ಮಿಡಿಯುತ್ತಿದೆ. ಆದರೆ ಆ ಉಸಿರು ಯಂತ್ರದ್ದು. ಯಂತ್ರವನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಈ ಸ್ಥಿತಿಯನ್ನು ನಮ್ಮ ಕಾನೂನು ಮರಣವೆಂದೇ ಒಪ್ಪಿಕೊಂಡಿದೆ. ೧೯೯೪ರಲ್ಲಿ ಸಂಸತ್ತು ಅಂಗೀಕರಿಸಿದ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ, ನಾಲ್ವರು ವೈದ್ಯರ ಮಂಡಳಿಯೊಂದು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳಿನ ಕಾಂಡದ ಮರಣವನ್ನು ದೃಢಪಡಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ಬಳಿಕ ಹತ್ತಿರದ ಬಂಧುಗಳು ಒಪ್ಪಿದರೆ ಮಾತ್ರ ದಾನ. ಹೀಗೆ ದೊರೆತ ಅಂಗಗಳನ್ನು ಸರದಿಯ ಪಟ್ಟಿಯಂತೆ ಹಂಚುವ ಹೊಣೆ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸರಕಾರಿ ಸಂಸ್ಥೆಯದು. ೨೦೨೩ರ ಒಂದೇ ವರುಷದಲ್ಲಿ ಕರ್ನಾಟಕದಲ್ಲಿ ೧೭೮ ಮಂದಿ ಮರಣಾನಂತರ ಅಂಗದಾನಿಗಳಾದರು.

೨೦೨೧ರ ಜೂನ್ ತಿಂಗಳಲ್ಲಿ ಬೆಂಗಳೂರಿನ ರಸ್ತೆ ಅಪಘಾತವೊಂದರಲ್ಲಿ ತಲೆಗೆ ಪೆಟ್ಟಾಗಿ ಚಿತ್ರನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ, ಅವರ ಬಂಧುಗಳು ಅಂಗಾಂಗಗಳನ್ನು ದಾನ ಮಾಡಿದುದು ನಾಡಿನ ನೆನಪಿನಲ್ಲಿದೆ. ಅದು ಕೋವಿಡ್ ಹಬ್ಬಿದ್ದ ಕಾಲ. ದಾನಿಯಾಗಬಹುದಾದ ಪ್ರತಿಯೊಬ್ಬರಿಗೂ ಆ ಸೋಂಕಿನ ಪರೀಕ್ಷೆ ಆಗಬೇಕಾಗಿತ್ತು. ದಾನಿಯನ್ನು ಏಕೆ ಪರೀಕ್ಷಿಸಬೇಕು ಎಂಬುದನ್ನು ಆ ದಿನಗಳಲ್ಲಿ ಯಾರಿಗೂ ವಿವರಿಸಿ ಹೇಳುವ ಅಗತ್ಯವಿರಲಿಲ್ಲ. ಆದರೆ ಆ ಪ್ರಶ್ನೆ ಕೋವಿಡ್ಡಿನೊಡನೆ ಹುಟ್ಟಿದ್ದೂ ಅಲ್ಲ, ಅದರೊಡನೆ ಮುಗಿದದ್ದೂ ಅಲ್ಲ.

ಅದು ಏಕೆ ಇಷ್ಟು ಮುಖ್ಯವೆಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ದಾನಿಯು ಮಲಗಿರುವ ಜಾಗ. ತೀವ್ರ ನಿಗಾ ಘಟಕದಲ್ಲಿ ಅವನ ಗಂಟಲಿನೊಳಗೆ ಉಸಿರಿನ ಕೊಳವೆಯಿದೆ; ಮೂತ್ರಕೋಶಕ್ಕೆ ಒಂದು ನಳಿಕೆ, ದೊಡ್ಡ ರಕ್ತನಾಳಕ್ಕೆ ಇನ್ನೊಂದು. ಜೀವವನ್ನು ಉಳಿಸಲೆಂದು ತೆರೆದ ಈ ಮೂರು ಬಾಗಿಲುಗಳೇ ರೋಗಾಣುಗಳಿಗೂ ಬಾಗಿಲುಗಳಾಗುತ್ತವೆ. ದಿನಗಳು ಕಳೆದಂತೆ ಶ್ವಾಸಕೋಶದಲ್ಲಿಯೋ ಮೂತ್ರದಲ್ಲಿಯೋ ರಕ್ತದಲ್ಲಿಯೋ ಆಸ್ಪತ್ರೆಯ ಬ್ಯಾಕ್ಟೀರಿಯಾಗಳು ನೆಲೆಯೂರುವ ಸಂಭವ ಹೆಚ್ಚು.

ಎರಡನೆಯದು, ಅಂಗವನ್ನು ಪಡೆಯುವವನ ಸ್ಥಿತಿ. ನಮ್ಮ ದೇಹಕ್ಕೆ ತನ್ನದು ಯಾವುದು, ಪರರದು ಯಾವುದು ಎಂಬ ಅರಿವಿದೆ. ಪರರ ಮೂತ್ರಪಿಂಡವನ್ನು ಅದು ಶತ್ರುವೆಂದೇ ಎಣಿಸಿ ನಾಶಪಡಿಸಲು ಹೊರಡುತ್ತದೆ. ೧೯೫೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊತ್ತಮೊದಲ ಮೂತ್ರಪಿಂಡ ಕಸಿ ಯಶಸ್ವಿಯಾದದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದುದರಿಂದ. ಉಳಿದವರಲ್ಲಿ ಕಸಿ ನಿಲ್ಲಬೇಕಾದರೆ ದೇಹದ ರಕ್ಷಣಾಶಕ್ತಿಯನ್ನು ಔಷಧದಿಂದ ತಗ್ಗಿಸಲೇಬೇಕು. ೧೯೮೦ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಸ್ಪೋರಿನ್ ಎಂಬ ಔಷಧ ಈ ದಾರಿಯನ್ನು ಸುಗಮಗೊಳಿಸಿತು. ಆದರೆ ಮನೆಯ ಕಾವಲುಗಾರನಿಗೆ ನಿದ್ದೆ ಬರಿಸಿದ ಮೇಲೆ ಅತಿಥಿಯ ಹಿಂದೆಯೇ ಕಳ್ಳನೂ ಒಳಗೆ ಬರಬಹುದಲ್ಲವೆ? ಆರೋಗ್ಯವಂತನಲ್ಲಿ ಒಂದು ವಾರದ ಜ್ವರವಾಗಿ ಮುಗಿಯುವ ಸೋಂಕು ಕಸಿಯಾದವನಲ್ಲಿ ಪ್ರಾಣಕ್ಕೇ ಎರವಾಗಬಹುದು. ಒಬ್ಬ ದಾನಿಯ ಎರಡು ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶಗಳು ಬೇರೆಬೇರೆ ಊರುಗಳ ಬೇರೆಬೇರೆ ದೇಹಗಳನ್ನು ಸೇರುವುದರಿಂದ, ಇಲ್ಲಿ ಕಣ್ತಪ್ಪಿದ ಒಂದು ಸೋಂಕು ಏಕಕಾಲಕ್ಕೆ ನಾಲ್ಕಾರು ಮನೆಗಳನ್ನು ಹೊಗುತ್ತದೆ.

ಹಾಗಾದರೆ ಶೋಧಿಸುವುದು ಹೇಗೆ? ಒಪ್ಪಿಗೆ ದೊರೆತೊಡನೆ ದಾನಿಯ ರಕ್ತವನ್ನು ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ರೋಗಗಳಿಗಾಗಿ ಪರೀಕ್ಷಿಸುತ್ತಾರೆ. ಸೈಟೊಮೆಗಲೊ ಎಂಬ ವೈರಸ್ಸಿಗಾಗಿಯೂ ನೋಡುತ್ತಾರೆ. ಇದು ನಮ್ಮಲ್ಲಿ ಬಹುಮಂದಿಯ ದೇಹದಲ್ಲಿ ತೊಂದರೆ ಕೊಡದೆ ಅಡಗಿರುವ ವೈರಸ್ಸು. ಆದುದರಿಂದ ಇದು ಕಂಡುಬಂದರೆ ದಾನವನ್ನು ನಿರಾಕರಿಸುವುದಿಲ್ಲ; ಪಡೆದವನಿಗೆ ಮುಂಜಾಗ್ರತೆಯ ಔಷಧ ಬೇಕೆ ಎಂಬುದನ್ನು ನಿರ್ಣಯಿಸುತ್ತಾರೆ. ಎದೆಯ ಚಿತ್ರ ತೆಗೆದು ಕ್ಷಯದ ಗುರುತುಗಳಿವೆಯೆ ಎಂದು ನೋಡುತ್ತಾರೆ. ರಕ್ತ, ಮೂತ್ರ, ಕಫಗಳನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಅವುಗಳಲ್ಲಿರುವ ರೋಗಾಣುಗಳನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ ಕಳುಹಿಸುತ್ತಾರೆ.

ರಕ್ತಪರೀಕ್ಷೆಗೂ ತನ್ನದೇ ಆದ ಮಿತಿಯಿದೆ. ಸಾಮಾನ್ಯ ಪರೀಕ್ಷೆ ಹಲವೊಮ್ಮೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹವು ಸೃಷ್ಟಿಸಿದ ಪ್ರತಿಕಾಯಗಳನ್ನು. ಸೋಂಕು ತಗಲಿದ ಮೇಲೆ ಪ್ರತಿಕಾಯಗಳು ಕಾಣಿಸಿಕೊಳ್ಳಲು ಎಚ್‌ಐವಿಯಲ್ಲಿ ಸುಮಾರು ಮೂರು ವಾರ, ಹೆಪಟೈಟಿಸ್ ಸಿಯಲ್ಲಿ ಸುಮಾರು ಎರಡು ತಿಂಗಳು ಬೇಕಾಗುತ್ತದೆ. ಈ ಮಧ್ಯದ ಕಾಲದಲ್ಲಿ ಪರೀಕ್ಷೆ ‘ಇಲ್ಲ’ವೆನ್ನುತ್ತದೆ; ವೈರಸ್ಸು ಮಾತ್ರ ಇದ್ದೇ ಇರುತ್ತದೆ. ೨೦೦೭ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಇದೇ ಕಾರಣದಿಂದ ಒಬ್ಬ ದಾನಿಯಿಂದ ನಾಲ್ವರಿಗೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಹರಡಿದವು. ವೈರಸ್ಸಿನ ವಂಶದ್ರವ್ಯವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಕುರುಡುಕಾಲವನ್ನು ಒಂದು ವಾರ ಹತ್ತು ದಿನಗಳಷ್ಟಕ್ಕೆ ಇಳಿಸುತ್ತದೆ, ಪೂರ್ತಿಯಾಗಿ ಅಳಿಸುವುದಿಲ್ಲ. ಆದುದರಿಂದ ಯಂತ್ರವು ಹೇಳಲಾರದುದನ್ನು ಮನುಷ್ಯರನ್ನೇ ಕೇಳಿ ತಿಳಿಯಬೇಕಾಗುತ್ತದೆ.

ಆ ಕೇಳುವಿಕೆ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಹುಚ್ಚುನಾಯಿ ರೋಗದ, ಅಂದರೆ ರೇಬಿಸ್ಸಿನ, ಕಥೆ ತೋರಿಸುತ್ತದೆ. ೨೦೦೪ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮಿದುಳಿನ ರಕ್ತಸ್ರಾವದಿಂದ ಸತ್ತನೆಂದು ತಿಳಿಯಲಾಗಿದ್ದ ದಾನಿಯೊಬ್ಬನ ಯಕೃತ್ತು, ಎರಡು ಮೂತ್ರಪಿಂಡಗಳು ಹಾಗೂ ರಕ್ತನಾಳದ ಒಂದು ತುಂಡು ನಾಲ್ವರಿಗೆ ಸೇರಿದವು. ನಾಲ್ವರೂ ರೇಬಿಸ್ಸಿನಿಂದ ಮೃತರಾದರು. ಅವನಿಗೆ ಬಾವಲಿಯೊಂದು ಕಚ್ಚಿತ್ತೆಂಬ ಸಂಗತಿ ಹೊರಬಂದುದು ಆಮೇಲೆ. ೨೦೦೫ರಲ್ಲಿ ಜರ್ಮನಿಯಲ್ಲಿಯೂ ಇಂಥದೇ ದುರಂತ ನಡೆಯಿತು. ಹಿಂದಿನ ವರುಷ ಭಾರತಕ್ಕೆ ಬಂದುಹೋಗಿದ್ದ ಮಹಿಳೆಯೊಬ್ಬಳು ಅಲ್ಲಿ ದಾನಿಯಾಗಿದ್ದಳು. ಪಡೆದವರಲ್ಲಿ ಮೂವರು ತೀರಿಕೊಂಡರು. ಯಕೃತ್ತನ್ನು ಪಡೆದವನು ಬದುಕಿಕೊಂಡ. ಅವನು ಬಹಳ ಹಿಂದೆಯೇ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದ.

ದೂರದ ದೇಶದ ವೈದ್ಯರಿಗೆ ರೇಬಿಸ್ ನೆನಪಾಗದಿರಬಹುದು. ನಮಗಂತೂ ಆ ನೆಪವಿಲ್ಲ. ಹೊಲದ ದಾರಿಯಲ್ಲಿ, ಸಂತೆಯ ಬಯಲಿನಲ್ಲಿ ನಾಯಿ ಕಚ್ಚುವುದು, ಗಾಯಕ್ಕೆ ಅರಿಸಿನವನ್ನೋ ಸುಣ್ಣವನ್ನೋ ಹಚ್ಚಿ ಮರೆತುಬಿಡುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಆದ್ದರಿಂದಲೇ, ತಲೆಗೆ ಪೆಟ್ಟಾದ ಸ್ಪಷ್ಟ ಕಾರಣವಿದ್ದರೆ ಒಂದು ಬಗೆ. ಜ್ವರ, ಭ್ರಮೆ, ಸೆಳೆತಗಳಿಂದ ಮಿದುಳು ಸತ್ತು, ಕಾರಣ ತಿಳಿಯದೆ ಉಳಿದಿದ್ದರೆ ಇನ್ನೊಂದು ಬಗೆ. ಎರಡನೆಯ ಸಂದರ್ಭದಲ್ಲಿ ಅಂಗಗಳನ್ನು ಸ್ವೀಕರಿಸದಿರುವುದೇ ವಿವೇಕ. ಮಿದುಳಿನ ಪೊರೆಯ ಕ್ಷಯಕ್ಕೂ ಇದೇ ನಿಯಮ.

ಈಗ ಬ್ಯಾಕ್ಟೀರಿಯಾಗಳ ವಿಷಯಕ್ಕೆ ಬರೋಣ. ಇಲ್ಲಿ ವೈದ್ಯರ ಎದುರಾಳಿ ರೋಗಾಣುವಿಗಿಂತಲೂ ಗಡಿಯಾರ. ದೇಹದಿಂದ ಹೊರತೆಗೆದ ಹೃದಯವನ್ನು ಮಂಜಿನಲ್ಲಿಟ್ಟು ಕಾಯಬಹುದಾದದ್ದು ನಾಲ್ಕರಿಂದ ಆರು ಗಂಟೆ. ಯಕೃತ್ತನ್ನು ಹನ್ನೆರಡು ಗಂಟೆಗಳಷ್ಟು. ಮೂತ್ರಪಿಂಡವನ್ನು ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಕಲ್ಚರ್ ಪರೀಕ್ಷೆಯಾದರೋ ಮೊಳಕೆಯ ಕಾಳಿನಂತೆ, ಅವಸರಿಸಿದರೆ ಮೊಳೆಯುವುದಿಲ್ಲ. ರೋಗಾಣು ಬೆಳೆದು, ಅದು ಯಾವುದೆಂದು ಗೊತ್ತಾಗಿ, ಯಾವ ಔಷಧಕ್ಕೆ ಮಣಿಯುತ್ತದೆಂದು ತಿಳಿಯಲು ಎರಡು ದಿನಗಳಿಂದ ಮೂರು ದಿನಗಳು ಬೇಕು. ಹೀಗಾಗಿ ಎಷ್ಟೋ ವೇಳೆ ಅಂಗವು ಮೊದಲು ಹೋಗುತ್ತದೆ. ಅದರ ವರದಿ ಹಿಂದಿನಿಂದ ಬರುತ್ತದೆ.

ಸಂಶಯವಿದ್ದ ಅಂಗವನ್ನೆಲ್ಲ ಬಿಟ್ಟುಬಿಡಬಾರದೇಕೆ ಎಂದು ಕೆಲವರು ಕೇಳಬಹುದು. ಮೇಲುನೋಟಕ್ಕೆ ಇದು ಎಚ್ಚರಿಕೆಯ ಮಾತಿನಂತೆ ಕಾಣುತ್ತದೆ. ಆದರೆ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ಸಿಗಾಗಿ ಹಳ್ಳಿಯಿಂದ ಜಿಲ್ಲೆಯ ಊರಿಗೆ ಅಲೆಯುವವರ ಕಡೆಯಿಂದಲೂ ನೋಡಬೇಕು. ಸರದಿಯಲ್ಲಿ ನಿಂತಿರುವಾಗಲೇ ಸಾಯುವವರಿದ್ದಾರೆ. ಬೇಡವೆಂದ ಪ್ರತಿಯೊಂದು ಮೂತ್ರಪಿಂಡವೂ ಅಂಥ ಒಬ್ಬರ ಕೈತಪ್ಪಿದ ಬದುಕು. ಕಣ್ಣು ಮುಚ್ಚಿ ಸ್ವೀಕರಿಸುವುದು ಹೇಗೆ ಅಪಾಯವೋ, ಹೆದರಿ ನಿರಾಕರಿಸುವುದೂ ಹಾಗೆಯೇ ಅಪಾಯ. ಶೋಧನೆಯ ಉದ್ದೇಶ ತಿರಸ್ಕಾರವಲ್ಲ, ತಿಳಿದು ಸ್ವೀಕರಿಸುವುದು.

ಅನುಭವವೂ ಇದನ್ನೇ ಸಮರ್ಥಿಸಿದೆ. ದಾನಿಗಳಲ್ಲಿ ನೂರಕ್ಕೆ ಸುಮಾರು ಐವರ ರಕ್ತದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತದೆಂದು ಅಧ್ಯಯನಗಳು ಹೇಳುತ್ತವೆ. ಆದರೂ ಸರಿಯಾದ ಜೀವಿರೋಧಕವನ್ನು ದಾನಿಗೂ ಪಡೆದವನಿಗೂ ಕೊಟ್ಟಲ್ಲಿ ಸೋಂಕು ದಾಟುವುದು ವಿರಳ. ಬ್ಯಾಕ್ಟೀರಿಯಾದಿಂದ ಮಿದುಳಿನ ಪೊರೆಯ ಉರಿಯೂತವಾಗಿ ಸತ್ತವರ ಅಂಗಗಳನ್ನು ಕೂಡ ಬಳಸಬಹುದಾಗಿದೆ. ಆದರೆ ರೋಗಾಣು ಯಾವುದೆಂದು ಗೊತ್ತಿರಬೇಕು. ದಾನಿಗೆ ಒಂದೆರಡು ದಿನ ತಕ್ಕ ಔಷಧ ಸಂದಿರಬೇಕು. ಪಡೆದವನಿಗೂ ಒಂದೆರಡು ವಾರ ಅದೇ ಚಿಕಿತ್ಸೆ ಮುಂದುವರಿಯಬೇಕು. ಶ್ವಾಸಕೋಶದಲ್ಲಿ ನ್ಯುಮೋನಿಯ ಇದ್ದ ಮಾತ್ರಕ್ಕೆ ಮೂತ್ರಪಿಂಡ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಹೆಪಟೈಟಿಸ್ ಸಿ ಇದ್ದವರ ಅಂಗವನ್ನು ಹಿಂದೆ ಬಹುಮಟ್ಟಿಗೆ ಬಿಟ್ಟುಬಿಡುತ್ತಿದ್ದರು. ಅದನ್ನು ಗುಣಪಡಿಸುವ ಮಾತ್ರೆಗಳು ಬಂದ ಮೇಲೆ ಹಲವು ದೇಶಗಳಲ್ಲಿ ಬಳಸುತ್ತಿದ್ದಾರೆ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ೨೦೦೮ರಿಂದ ಎಚ್‌ಐವಿ ಇದ್ದ ದಾನಿಗಳ ಮೂತ್ರಪಿಂಡಗಳನ್ನು ಎಚ್‌ಐವಿ ಇದ್ದವರಿಗೇ ಕಸಿ ಮಾಡಿ ಯಶಸ್ಸು ಕಂಡರು.

ಜೀವಿರೋಧಕಗಳನ್ನು ಬಳಸುವುದರಲ್ಲಿಯೂ ಒಂದು ಶಿಸ್ತು ಬೇಕು. ದಾನಿಯಾಗಲಿರುವವನಿಗೆ ಇರುವುದರಲ್ಲೇ ಬಲವಾದ ಔಷಧವನ್ನು ಸುರಿದುಬಿಟ್ಟರೆ ಆಯಿತಲ್ಲ ಎಂದು ತೋರಬಹುದು. ಹಾಗೆ ಮಾಡಿದರೆ ಎರಡು ಕೇಡುಗಳು. ಕಲ್ಚರಿಗೆ ರಕ್ತವನ್ನು ತೆಗೆಯುವ ಮೊದಲೇ ಔಷಧ ಬಿದ್ದರೆ, ರೋಗಾಣು ಸಾಯದೆಯೂ ಪರೀಕ್ಷೆಯಲ್ಲಿ ಬೆಳೆಯದೆ ಮರೆಯಾಗಬಹುದು. ಸುಳ್ಳು ಧೈರ್ಯವನ್ನು ಹೊತ್ತು ಅಂಗವು ಹೊರಡುತ್ತದೆ. ಅಲ್ಲದೆ, ಔಷಧಗಳೇ ಅಂಗಕ್ಕೆ ಹಾನಿ ಮಾಡಬಹುದು. ಆದುದರಿಂದ ಮೊದಲು ಮಾದರಿಯನ್ನು ತೆಗೆಯಬೇಕು, ಆಮೇಲೆ ಔಷಧ. ವರದಿ ಬಂದೊಡನೆ ಅಗಲವಾದ ಔಷಧವನ್ನು ಬಿಟ್ಟು ಆ ರೋಗಾಣುವಿಗೆ ತಕ್ಕುದಾದ ಔಷಧಕ್ಕೆ ಇಳಿಯಬೇಕು. ಸೋಂಕಿನ ಗುರುತೇ ಇಲ್ಲದಲ್ಲಿ ದಿನಗಟ್ಟಲೆ ಕೊಡುತ್ತ ಹೋಗಬಾರದು.

ಈ ಶಿಸ್ತಿಗೆ ಇಂದು ಒದಗಿರುವ ದೊಡ್ಡ ಸಂಕಟವೆಂದರೆ ಔಷಧಕ್ಕೆ ಮಣಿಯದ ರೋಗಾಣುಗಳು. ಕ್ಲೆಬ್ಸಿಯೆಲ್ಲ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಭಾರತದ ತೀವ್ರ ನಿಗಾ ಘಟಕಗಳಲ್ಲಿ ಕಾರ್ಬಪೆನೆಮ್‌ನಂಥ ಪ್ರಬಲ ಔಷಧಗಳಿಗೂ ಬಗ್ಗದೆ ನಿಂತಿವೆ. ಇಂಥ ರೋಗಾಣು ಅಂಗದೊಡನೆ ದಾಟಿದರೆ, ಹೊಸ ಮೂತ್ರಪಿಂಡದ ರಕ್ತನಾಳವನ್ನು ಹೊಲಿದ ಜಾಗದಲ್ಲಿಯೇ ಮನೆಮಾಡಿ ಹೊಲಿಗೆಯನ್ನು ಶಿಥಿಲಗೊಳಿಸಬಲ್ಲದು. ಆಗ ರಕ್ತ ಒಮ್ಮೆಗೇ ಹರಿದು ಕಸಿಯೂ ಹೋದೀತು, ಜೀವವೂ ಹೋದೀತು. ಇವುಗಳ ಮೇಲೆ ಕೊನೆಯ ಅಸ್ತ್ರವಾಗಿ ಬಳಸುವ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಅದಾದರೋ ಮೂತ್ರಪಿಂಡಕ್ಕೇ ಹಾನಿ ಮಾಡುವಂಥದು. ಯಾವ ಅಂಗವನ್ನು ಉಳಿಸಬೇಕೋ ಅದನ್ನೇ ಔಷಧವು ಬಲಿ ಕೇಳುತ್ತದೆ. ಹಳೆಯ ಸಾಧಾರಣ ಔಷಧಗಳು ಕೆಲಸ ಮಾಡುತ್ತಿದ್ದಲ್ಲಿ ಈ ಇಕ್ಕಟ್ಟೇ ಹುಟ್ಟುತ್ತಿರಲಿಲ್ಲ.

ಅಂಗವನ್ನು ಹೊಲಿದು ಮುಗಿಸಿದರೂ ಶೋಧನೆ ಮುಗಿಯುವುದಿಲ್ಲ. ಅಂಗವನ್ನಿರಿಸಿ ತಂದ ದ್ರವವನ್ನೂ ಕಲ್ಚರಿಗೆ ಕಳುಹಿಸುವುದುಂಟು. ದಾನಿಯಿದ್ದ ಆಸ್ಪತ್ರೆಗೆ ಮೂರನೆಯ ದಿನ ಬಂದ ವರದಿ ಆ ಅಂಗಗಳು ಸೇರಿದ ಎಲ್ಲ ಆಸ್ಪತ್ರೆಗಳಿಗೂ ಅಂದೇ ತಲುಪಬೇಕು. ಪಡೆದ ಒಬ್ಬನಲ್ಲಿ ಅಸಹಜ ಜ್ವರ ಕಂಡರೆ ಉಳಿದವರ ವೈದ್ಯರಿಗೂ ತಿಳಿಯಬೇಕು. ೨೦೧೩ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಕಸಿಯಾದ ಸುಮಾರು ಒಂದೂವರೆ ವರುಷದ ನಂತರ, ಮೂತ್ರಪಿಂಡ ಪಡೆದಿದ್ದ ಒಬ್ಬನು ರೇಬಿಸ್ಸಿನಿಂದ ತೀರಿಕೊಂಡ. ಕೂಡಲೇ ಅದೇ ದಾನಿಯಿಂದ ಅಂಗಗಳನ್ನು ಪಡೆದಿದ್ದ ಉಳಿದ ಮೂವರನ್ನು ಹುಡುಕಿ ಲಸಿಕೆ ಹಾಕಿದರು, ಮೂವರೂ ಉಳಿದರು. ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ವೇಳೆಗೆ ಸರಿಯಾಗಿ ತಲುಪಿದುದರ ಫಲವದು.

ಇಷ್ಟೆಲ್ಲ ವೈದ್ಯರ, ಪ್ರಯೋಗಾಲಯದವರ ಕೆಲಸವಾಯಿತು. ಕೊಣ್ಣೂರಿನ ಗೃಹಸ್ಥನಿಗೆ ಇದರಲ್ಲಿ ಏನು ಪಾಲು? ಎರಡು ಕಡೆ ಅವನ ಪಾಲು ಯಾರ ಪಾಲಿಗೂ ಕಡಿಮೆಯದಲ್ಲ.

ಮೊದಲನೆಯದು ಮಾತಿನ ಪಾಲು. ನಾವು ಕಲ್ಪಿಸಿಕೊಂಡ ಆ ತರುಣನ ತಂದೆತಾಯಿಗಳು, ಅಣ್ಣತಮ್ಮಂದಿರು ಆಸ್ಪತ್ರೆಯ ಮೊಗಸಾಲೆಯಲ್ಲಿ ದಿಕ್ಕುತೋಚದೆ ಕುಳಿತಿರುವಾಗ ಒಬ್ಬರು ಬಂದು ಪ್ರಶ್ನೆಗಳನ್ನು ಕೇಳುತ್ತಾರೆ. ಅವನಿಗೆ ನಾಯಿ ಕಚ್ಚಿತ್ತೆ? ಕ್ಷಯಕ್ಕೆ ಔಷಧ ತೆಗೆದುಕೊಂಡಿದ್ದನೆ, ಪೂರ್ತಿ ಮುಗಿಸಿದ್ದನೆ? ಹಚ್ಚೆ ಹಾಕಿಸಿಕೊಂಡಿದ್ದನೆ? ಸೂಜಿಯ ಚಟವಿತ್ತೆ? ಇತ್ತೀಚೆಗೆ ಜ್ವರ ಬಂದಿತ್ತೆ, ಯಾವ ಗುಳಿಗೆ ನುಂಗಿದ್ದ? ಆ ಗಳಿಗೆಯಲ್ಲಿ ಇವು ಕ್ರೂರವಾಗಿ ಕೇಳಿಸಬಹುದು. ಸತ್ತವನ ನಡತೆಯನ್ನು ಕೆದಕಿದಂತೆ ತೋರಬಹುದು. ಮನೆಯ ಮಾನಕ್ಕೆ ಅಂಜಿ ‘ಏನೂ ಇರಲಿಲ್ಲ’ ಎಂದುಬಿಡುವುದು ಸಹಜ. ಆದರೆ ಕೇಳುವವರು ಗುಣದೋಷಗಳ ತೀರ್ಪಿಗೆ ಕುಳಿತವರಲ್ಲ. ‘ಹೌದು, ಹೋದ ತಿಂಗಳು ನಾಯಿ ಕಚ್ಚಿತ್ತು, ಸೂಜಿ ಹಾಕಿಸಲಿಲ್ಲ’ ಎಂಬ ಒಂದು ಮಾತು ನಾಲ್ಕು ಜೀವಗಳನ್ನು ಕಾಯಬಲ್ಲದು. ‘ಹೌದು, ಕ್ಷಯವಿತ್ತು, ಆರು ತಿಂಗಳ ಔಷಧ ಮುಗಿಸಿದ’ ಎಂಬ ಮಾತು ದಾನಕ್ಕೆ ದಾರಿಯನ್ನೇ ತೆರೆದೀತು. ಗೋಕಾಕದ ಆಸ್ಪತ್ರೆಯ ಚೀಟಿ, ಅಲ್ಲಿ ಕೊಟ್ಟ ಔಷಧಗಳ ಪಟ್ಟಿ ಬೆಳಗಾವಿಗೆ ರೋಗಿಯೊಡನೆಯೇ ಹೋಗಬೇಕೆಂಬುದೂ ಇದೇ ಕಾರಣದಿಂದ.

ಎರಡನೆಯದು ಔಷಧದ ಪಾಲು. ನೆಗಡಿಯಾದರೆ, ಹೊಟ್ಟೆ ಕೆಟ್ಟರೆ ಔಷಧದ ಅಂಗಡಿಗೆ ಹೋಗಿ ‘ಸ್ಟ್ರಾಂಗ್ ಗುಳಿಗೆ ಕೊಡ್ರಿ’ ಎಂದು ಕೇಳುವುದು, ಎರಡು ದಿನ ನುಂಗಿ ಹಗುರೆನಿಸಿದೊಡನೆ ಬಿಡುವುದು, ಉಳಿದುದನ್ನು ನೆರೆಮನೆಯವರಿಗೆ ಕೊಡುವುದು — ಇವು ನಮ್ಮ ಊರುಗಳ ರೂಢಿ. ನೆಗಡಿಯು ವೈರಸ್ಸಿನದು, ಜೀವಿರೋಧಕಕ್ಕೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲ. ಅದು ಕೊಲ್ಲುವುದು ನಮ್ಮ ದೇಹದೊಳಗಿನ ಸಾಧು ಬ್ಯಾಕ್ಟೀರಿಯಾಗಳನ್ನು. ಉಳಿಸಿ ಬೆಳೆಸುವುದು ಔಷಧಕ್ಕೆ ಬಗ್ಗದವನ್ನು. ೨೦೧೪ರ ಮಾರ್ಚಿನಿಂದ ಜಾರಿಯಲ್ಲಿರುವ ‘ಎಚ್-೧’ ಅನುಸೂಚಿಯ ಪ್ರಕಾರ ಹಲವು ಪ್ರಬಲ ಜೀವಿರೋಧಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದುದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರುಷ ಕಾಪಾಡಬೇಕು. ಗುಳಿಗೆಯ ಪಟ್ಟಿಯ ಮೇಲೆ ಎಳೆದಿರುವ ಕೆಂಪು ಗೆರೆ ಸಾಮಾನ್ಯರಿಗೆಂದೇ ಇಟ್ಟ ಎಚ್ಚರಿಕೆಯ ಗುರುತು. ಕೋಳಿಗಳನ್ನು ಬೇಗ ಬೆಳೆಸಲೆಂದು ಆಹಾರದಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ನನ್ನು ೨೦೧೯ರ ಜುಲೈಯಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಕೊನೆಯ ಅಸ್ತ್ರವನ್ನು ಕೋಳಿಯ ಗೂಡಿನಲ್ಲಿ ಮೊಂಡು ಮಾಡಿಕೊಂಡರೆ ಆಸ್ಪತ್ರೆಯಲ್ಲಿ ಕೈಗೆ ಸಿಗುವುದೇನು?

ಬೇಕಿಲ್ಲದ ಗುಳಿಗೆಗೂ ಯಾರದೋ ಮೂತ್ರಪಿಂಡಕ್ಕೂ ಏನು ನಂಟು ಎಂದು ಇನ್ನು ಕೇಳಬೇಕಾಗಿಲ್ಲ. ಔಷಧಕ್ಕೆ ಬಗ್ಗದ ರೋಗಾಣು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಕೈಯಿಂದ ಕೈಗೆ, ನೀರಿನಿಂದ ನೀರಿಗೆ ಸಾಗಿ ಒಂದು ದಿನ ಆಸ್ಪತ್ರೆಯ ಹಾಸಿಗೆಯನ್ನು ಸೇರುತ್ತದೆ. ಆ ಹಾಸಿಗೆಯಲ್ಲಿ ಮಲಗಿದವನು ನಾಳೆ ದಾನಿಯಾಗಬಹುದು. ಅಥವಾ ದಾನಕ್ಕಾಗಿ ಕಾಯುತ್ತಿರುವ ನಮ್ಮವನೇ ಆಗಿರಬಹುದು.

ಮಗನನ್ನು ಕಳೆದುಕೊಂಡ ಗಳಿಗೆಯಲ್ಲಿಯೂ ಅಪರಿಚಿತನ ಬದುಕಿಗಾಗಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ತಂದೆತಾಯಿಗಳು ದೊಡ್ಡವರು. ಅವರ ಔದಾರ್ಯ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಆಸ್ಪತ್ರೆಯದಷ್ಟೇ ನಮ್ಮೆಲ್ಲರ ಹೊಣೆಯೂ ಹೌದು. ಅದಕ್ಕೆ ಬೇಕಾದವು ಮೂರು: ಪ್ರಯೋಗಾಲಯದಲ್ಲಿ ಎಚ್ಚರ, ಬಂಧುಗಳ ಮಾತಿನಲ್ಲಿ ಸತ್ಯ, ಔಷಧದ ಬಳಕೆಯಲ್ಲಿ ಮಿತಿ. ಮೊದಲನೆಯದಕ್ಕೆ ಹಣವೂ ಯಂತ್ರವೂ ಬೇಕು. ಉಳಿದೆರಡಕ್ಕೆ ಬೇಕಾದುದು ನಮ್ಮ ಮನಸ್ಸು ಮಾತ್ರ. ಅವನ್ನು ಇಂದಿನಿಂದಲೇ ಆರಂಭಿಸಬಹುದು.